ಮನೆಯಂಗಳದಲ್ಲಿ ಎಂಜಿನ್ ಇಳಿಸುವ ವಿಚಾರ

ಹುಮನಾಬಾದಿನ ನಮ್ಮ ಮನೆಯ ಹಿತ್ತಿಲಲ್ಲಿ ಕಳೆದ ಶ್ರಾವಣದಲ್ಲಿ ಒಂದು ಹಳೆಯ ಮಾರುತಿ ವ್ಯಾನಿನ ಎಂಜಿನನ್ನು ಕೆಳಗಿಳಿಸಲಾಯಿತು. ಇಳಿಸಿದವನು ನನ್ನ ಸೋದರಳಿಯ. ವೃತ್ತಿಯಿಂದ ದಿನಸಿ ವ್ಯಾಪಾರಿ. ಅವನಿಗೆ ಪಾನಾ ಹಿಡಿದ ಅಭ್ಯಾಸವುಂಟು, ಯಂತ್ರಶಾಸ್ತ್ರದ ಶಿಕ್ಷಣವಿಲ್ಲ. ನಾನು ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಭೌತವಿಜ್ಞಾನವನ್ನು ಕಲಿಸಿ ನಿವೃತ್ತನಾದವನು. ನನಗೆ ಶಿಕ್ಷಣವುಂಟು, ಪಾನಾ ಹಿಡಿದ ಅಭ್ಯಾಸವಿಲ್ಲ. ಇಂಥ ಇಬ್ಬರ ನಡುವೆ ಆ ಎಂಜಿನು ಇಳಿಯುವ ಮೊದಲು ಒಂದು ಪ್ರಾಣವೇ ಹೋಗುವುದರಲ್ಲಿತ್ತು. ಆ ಸಂಗತಿಯನ್ನು ಮುಂದಿಟ್ಟುಕೊಂಡು ನನ್ನ ಅಭಿಪ್ರಾಯವೊಂದನ್ನು ವಾಚಕರಿಗೆ ಅರಿಕೆ ಮಾಡಬೇಕೆಂದು ಈ ಲೇಖನ.

ನಮ್ಮಲ್ಲಿ ಈ ವಿಷಯವಾಗಿ ಎರಡು ಮತಗಳಿವೆ. ಓದು ಬಲ್ಲವರು ಎಣ್ಣೆ ಮೆತ್ತಿದ ಕೆಲಸಕ್ಕೆ ಕೈ ಹಾಕಬಾರದು, ಅದು ಮಿಸ್ತ್ರಿಗಳ ಪಾಲಿನದು ಎಂಬುದು ಹಳೆಯ ಮತ. ಮೊಬೈಲಿನಲ್ಲಿ ಹತ್ತು ನಿಮಿಷದ ಚಿತ್ರವನ್ನು ನೋಡಿದರೆ ಯಾರು ಬೇಕಾದರೂ ಎಂಜಿನನ್ನು ಬಿಚ್ಚಬಹುದು ಎಂಬುದು ಹೊಸ ಮತ. ಮೊದಲನೆಯದನ್ನು ನಾನು ಒಪ್ಪಲಾರೆ. ಕಾಯಕಕ್ಕೆ ಗೌರವ ತಂದುಕೊಟ್ಟ ಕಲ್ಯಾಣದಿಂದ ಒಂದು ಗಂಟೆಯ ದಾರಿಯಲ್ಲಿ ಬಾಳುವವರು ಅಂಥ ಮಾತನ್ನು ಆಡುವುದೂ ಸಲ್ಲದು. ಎರಡನೆಯ ಮತವನ್ನು ಒಪ್ಪಿದ್ದರಿಂದಲೇ ನಮ್ಮ ಹಿತ್ತಿಲಲ್ಲಿ ಅಪಾಯ ಒದಗಿತು. ಮನೆಯಲ್ಲಿ ಎಂಜಿನ್ ಇಳಿಸುವುದು ತಪ್ಪಲ್ಲ. ಭಾರ ಎಲ್ಲಿದೆ, ಅದನ್ನು ಯಾವುದು ಹೊತ್ತಿದೆ ಎಂಬುದನ್ನು ಕಾಗದದ ಮೇಲೆ ಬರೆದು ನೋಡದೆ ಇಳಿಸುವುದು ತಪ್ಪು. ಈ ತಪ್ಪಿನಲ್ಲಿ ನಮ್ಮಂಥ ವಿಜ್ಞಾನದ ಮಾಸ್ತರರ ಪಾಲೂ ಇದೆ.

ವ್ಯಾನಿನ ವಿಚಾರವಾಗಿ ಎರಡು ಮಾತು. ೧೯೮೪ರಲ್ಲಿ ಮಾರುಕಟ್ಟೆಗೆ ಬಂದು, ಮುಂದೆ ಓಮ್ನಿ ಎಂಬ ಹೆಸರನ್ನು ಪಡೆದು, ೨೦೧೯ರಲ್ಲಿ ತಯಾರಿಕೆ ನಿಂತ ಈ ಬಂಡಿಯನ್ನು ಅರಿಯದವರು ನಮ್ಮ ಸೀಮೆಯಲ್ಲಿಲ್ಲ. ಶಾಲೆಯ ಮಕ್ಕಳು, ಕಿರಾಣಿ ಸಾಮಾನು, ಮದುವೆಯ ಬೀಗರು, ಆಸ್ಪತ್ರೆಯ ರೋಗಿಗಳು ಎಲ್ಲರನ್ನೂ ಅದು ಹೊತ್ತಿದೆ. ಅದರ ಎಂಜಿನು ಮೂರು ಸಿಲಿಂಡರುಗಳದು; ೭೯೬ ಘನ ಸೆಂಟಿಮೀಟರು ಗಾತ್ರದ್ದು. ನನ್ನ ಅಳಿಯನ ವ್ಯಾನು ಕೆಲವು ತಿಂಗಳಿಂದ ನೀಲಿ ಹೊಗೆಯನ್ನು ಉಗುಳುತ್ತಿತ್ತು. ಪಿಸ್ಟನ್ ರಿಂಗುಗಳು ಸವೆದಾಗ ಕೆಳಗಿನ ಎಣ್ಣೆಯು ಸಿಲಿಂಡರಿನೊಳಕ್ಕೆ ನುಸುಳಿ ಪೆಟ್ರೋಲಿನ ಜೊತೆಗೆ ಉರಿಯುತ್ತದೆ. ನೀಲಿ ಬಣ್ಣ ಅದರ ಗುರುತು. ಇದನ್ನು ಕೊರೆಸಿ ಹೊಸ ಪಿಸ್ಟನ್ ಹಾಕಿಸುವುದಕ್ಕಿಂತ ಅದೇ ಜಾತಿಯ ಇನ್ನೊಂದು ಎಂಜಿನನ್ನು ಕೂರಿಸುವುದು ಮೇಲೆಂದು ಅವನು ನಿಶ್ಚಯಿಸಿದ. ಲೆಕ್ಕ ತಪ್ಪಿರಲಿಲ್ಲ.

ಕಾರಿಗೂ ವ್ಯಾನಿಗೂ ಇಲ್ಲಿ ಒಂದು ದೊಡ್ಡ ಭೇದವುಂಟು. ಸಾಮಾನ್ಯ ಕಾರಿನಲ್ಲಿ ಎಂಜಿನು ಮುಂದಿನ ಮೂತಿಯಲ್ಲಿರುತ್ತದೆ. ಮುಚ್ಚಳವನ್ನು ತೆಗೆದು ಸರಪಳಿಯಿಂದ ಮೇಲಕ್ಕೆ ಎಳೆದರೆ ಹೊರಗೆ ಬರುತ್ತದೆ. ಈ ವ್ಯಾನಿನಲ್ಲಾದರೋ ಎಂಜಿನು ಮುಂದಿನ ಆಸನಗಳ ಕೆಳಗೆ ಅಡಗಿದೆ. ಮೇಲೆ ಛಾವಣಿ ಇದೆ. ಆದುದರಿಂದ ಎಂಜಿನ್ ಮೇಲಕ್ಕೆ ಬರಲಾರದು. ಅದನ್ನು ನೆಲಕ್ಕಿಳಿಸಿ, ಬಂಡಿಯನ್ನೇ ಮೇಲಕ್ಕೆತ್ತಿ, ಅಡಿಯಿಂದ ಹೊರಗೆ ಜಾರಿಸಬೇಕು. ಕಾರಿನಲ್ಲಿ ಎತ್ತುವವನು ಎಂಜಿನಿನ ಕೆಳಗೆ ಕೈ ಹಾಕದಿದ್ದರೆ ಸಾಕು. ವ್ಯಾನಿನಲ್ಲಿ ಬಂಡಿಯ ಅರ್ಧ ಭಾರವೇ ಆಳಿನ ಎದೆಯ ಮೇಲೆ ತೂಗುತ್ತಿರುತ್ತದೆ. ಮೊಬೈಲಿನ ಚಿತ್ರದಲ್ಲಿ ಈ ಭಾರವು ಕಾಣುವುದಿಲ್ಲ. ಪಾನಾ ತಿರುಗುವುದು ಮಾತ್ರ ಕಾಣುತ್ತದೆ.

ಮೊದಲ ದಿನ ಅಳಿಯನು ಬ್ಯಾಟರಿಯ ತಂತಿಗಳನ್ನು ಬಿಚ್ಚಿದ. ನೆಲಕ್ಕೆ ಕಟ್ಟಿದ ಋಣ ತಂತಿಯನ್ನು ಮೊದಲು, ಧನ ತಂತಿಯನ್ನು ಆಮೇಲೆ. ಈ ಕ್ರಮ ಸರಿಯಾದದ್ದು. ಬಂಡಿಯ ಕಬ್ಬಿಣದ ಮೈಯೆಲ್ಲ ಋಣ ತುದಿಗೆ ಸೇರಿರುವುದರಿಂದ, ಧನ ತಂತಿಯನ್ನು ಮೊದಲು ಬಿಚ್ಚುವಾಗ ಪಾನಾದ ಇನ್ನೊಂದು ತುದಿ ಮೈಗೆ ತಾಗಿದರೆ ಕಿಡಿ ಹಾರುತ್ತದೆ. ಬ್ಯಾಟರಿಯ ಮೇಲೆ ಜಲಜನಕವಿರುವ ಸಂಭವವುಂಟು. ಆ ಕಿಡಿ ಸಾಲದೆ? ಬಳಿಕ ರೇಡಿಯೇಟರಿನ ನೀರನ್ನೂ ಎಂಜಿನಿನ ಎಣ್ಣೆಯನ್ನೂ ಇಳಿಸಲು ಅಡುಗೆಮನೆಯಿಂದ ಎರಡು ಬೋಗುಣಿಗಳನ್ನು ತಂದ. ನನ್ನ ತಂಗಿ ಕೂಗಾಡಿದಳು; ಕೂಗಿದ್ದು ನ್ಯಾಯವೇ. ಶೀತಕ ದ್ರವದಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾದುದರಿಂದ ನಾಯಿ, ಕರುಗಳು ನೆಕ್ಕಿ ಸಾಯುವುದುಂಟು. ಆ ಬೋಗುಣಿ ಮತ್ತೆ ಒಳಗೆ ಹೋಗಬಾರದು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ. ನಮ್ಮ ಹಿತ್ತಿಲು ಕರಿಮಣ್ಣಿನದು. ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಅಳಿಯನು ಒಂದು ಚಪ್ಪಡಿ ಕಲ್ಲಿನ ಚೂರಿನ ಮೇಲೆ ಎಣ್ಣೆಜಾಕನ್ನು ನಿಲ್ಲಿಸಿ ಬಂಡಿಯ ಮುಂಭಾಗವನ್ನು ಎತ್ತಿ, ಅಡಿಯಲ್ಲಿ ಮಲಗಿ ಸೈಲೆನ್ಸರಿನ ಕೊಳವೆಯನ್ನೂ ಹಿಂದಿನ ಚಕ್ರಕ್ಕೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನೂ ಬಿಚ್ಚಿದ. ಅಂಗಡಿಯಿಂದ ಯಾರೋ ಕರೆದರೆಂದು ಎದ್ದು ಹೋದ. ನಾನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆ. ಕಲ್ಲು ಒಂದು ಮಗ್ಗುಲಿಗೆ ಮಣ್ಣಿನೊಳಕ್ಕೆ ಇಳಿಯಿತು. ಬಂಡಿ ಸದ್ದಿಲ್ಲದೆ ಒಂದು ಗೇಣು ಹಿಂದಕ್ಕೆ ಉರುಳಿ, ಜಾಕು ವಾಲಿ, ಮುಂಭಾಗ ಧಡ್ಡನೆ ನೆಲಕ್ಕೆ ಕೂತಿತು. ಅವನ ತಲೆ ಇದ್ದ ಜಾಗದಲ್ಲಿ ಬೋಗುಣಿಯೊಂದಿತ್ತು. ಅದು ಜೋಳದ ರೊಟ್ಟಿಯಂತೆ ಚಪ್ಪಟೆಯಾಯಿತು.

ಆ ಸಂಜೆ ನಾನು ಹಳೆಯ ನೋಟುಪುಸ್ತಕವನ್ನು ತೆಗೆದು, ಮಕ್ಕಳಿಗೆ ಮೂವತ್ತೊಂದು ಸಲ ಕಲಿಸಿದ ಲೆಕ್ಕವನ್ನು ಮೊದಲ ಸಲ ನನಗಾಗಿ ಮಾಡಿದೆ. ಬಂಡಿಯ ತೂಕ ಸುಮಾರು ೮೦೦ ಕಿಲೋ; ಮುಂಭಾಗದ ಪಾಲು ಸುಮಾರು ೪೦೦. ಜಾಕಿನ ತಳ ಹತ್ತು ಸೆಂಟಿಮೀಟರು ಉದ್ದ, ಹತ್ತು ಅಗಲ. ಅಂದರೆ ನೂರು ಚದರ ಸೆಂಟಿಮೀಟರು. ಪ್ರತಿ ಚದರ ಸೆಂಟಿಮೀಟರಿಗೆ ೪ ಕಿಲೋ ಒತ್ತಡ. ಅದರ ಕೆಳಗಿದ್ದ ಕಲ್ಲು ಜಾಕಿನ ತಳಕ್ಕಿಂತ ಹೆಚ್ಚು ದೊಡ್ಡದಾಗಿರಲಿಲ್ಲ. ಒದ್ದೆಯಾದ ಮೆದು ಮಣ್ಣು ಒಂದು ಕಿಲೋವನ್ನು ನಂಬಿಕೆಯಿಂದ ಹೊರುವುದೂ ಕಷ್ಟ. ಅದೇ ಜಾಕಿನ ಕೆಳಗೆ ನಲವತ್ತು ಸೆಂಟಿಮೀಟರು ಚೌಕದ ದಪ್ಪ ಹಲಗೆಯೊಂದಿದ್ದಿದ್ದರೆ ಒತ್ತಡವು ಕಾಲು ಕಿಲೋಗೆ ಇಳಿಯುತ್ತಿತ್ತು. ಒಂದು ಹಲಗೆ! ನಮ್ಮ ಊರಿನ ಸುತ್ತ ಕೆಂಪು ಜಂಬಿಟ್ಟಿಗೆಯ ಗಟ್ಟಿ ನೆಲಕ್ಕೆ ಬರವಿಲ್ಲ. ಅಲ್ಲಿಗೆ ಬಂಡಿಯನ್ನು ತಳ್ಳಿಕೊಂಡು ಹೋಗಿದ್ದರೂ ಆಗುತ್ತಿತ್ತು.

ಬಂಡಿ ಉರುಳಿದ್ದೇಕೆ ಎಂಬುದಕ್ಕೆ ಇನ್ನೊಂದು ಕಾರಣವುಂಟು. ಇದನ್ನು ನಾನು ಆ ತನಕ ಯೋಚಿಸಿರಲಿಲ್ಲ. ಅಳಿಯನು ಬಂಡಿಯನ್ನು ಗೇರಿನಲ್ಲಿ ನಿಲ್ಲಿಸಿ ನಿಶ್ಚಿಂತನಾಗಿದ್ದ. ಗೇರು ಹಿಡಿದಿಡುವುದು ಪ್ರೊಪೆಲ್ಲರ್ ಶಾಫ್ಟಿನ ಮೂಲಕ ಹಿಂದಿನ ಚಕ್ರಗಳನ್ನು. ಶಾಫ್ಟನ್ನು ಬಿಚ್ಚಿದ ಕ್ಷಣದಲ್ಲೇ ಆ ಹಿಡಿತ ಹೋಯಿತು. ಉಳಿದದ್ದು ಕೈಬ್ರೇಕು; ಹಳೆಯ ಬಂಡಿಯ ಕೈಬ್ರೇಕಿನ ಯೋಗ್ಯತೆಯನ್ನು ಹೇಳಬೇಕೆ? ಚಕ್ರಗಳ ಹಿಂದೆ ಎರಡು ಕಲ್ಲುಗಳನ್ನಿಟ್ಟಿರಲಿಲ್ಲ.

ಮರುದಿನ ಎಂಜಿನ್ ಕೊಳ್ಳುವ ನೆವದಿಂದ ಇಬ್ಬರೂ ಬಸವಕಲ್ಯಾಣಕ್ಕೆ ಹೋದೆವು. ಪುಣೆಯಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿ, ಮೊದಲು ೯ನೆಯ ಸಂಖ್ಯೆಯದು, ಈಗ ೬೫ನೆಯದು, ನಮ್ಮ ಊರನ್ನು ಹಾದು ಸಸ್ತಾಪುರ ಬಂಗ್ಲಾದ ಕಡೆಗೆ ಸಾಗುತ್ತದೆ. ಆ ಹೆದ್ದಾರಿಯ ಲಾರಿಗಳ ಕೃಪೆಯಿಂದಲೇ ಬಸವಕಲ್ಯಾಣದ ಆಟೋನಗರ ಬೆಳೆದದ್ದು. ಲಾರಿಗಳ ದುರಸ್ತಿ, ಮೈ ಕಟ್ಟುವಿಕೆ, ಬೆಸುಗೆ, ಹಳೆಯ ಬಿಡಿಭಾಗಗಳ ವ್ಯಾಪಾರ. ಕಲ್ಯಾಣದ ಕೋಟೆಯನ್ನು ನೋಡಲು ಬರುವವರು ಇದನ್ನೂ ಒಮ್ಮೆ ನೋಡಬೇಕೆಂಬುದು ನನ್ನ ಬಿನ್ನಹ. ಕನ್ನಡ, ಉರ್ದು, ಮರಾಠಿ ಮೂರೂ ಕೂಡಿದ ಅಲ್ಲಿಯ ಮಾತಿನಲ್ಲಿ ಒಂದೊಂದು ಬೋಲ್ಟಿಗೂ ಹೆಸರಿದೆ.

ಅಲ್ಲಿಯ ಒಬ್ಬ ವಯಸ್ಸಾದ ಉಸ್ತಾದರಿಗೆ ನಮ್ಮ ಬೋಗುಣಿಯ ಕಥೆಯನ್ನು ಹೇಳಿದೆ. ಅವರು ನಗಲಿಲ್ಲ.

"ಜಾಕ್ ಎತ್ತಲಿಕ್ಕ ಅದಾ ಮಾಸ್ತರ್, ಹಿಡೀಲಿಕ್ಕ ಅಲ್ರಿ," ಎಂದರು. "ಎತ್ತಿದ್ ಮ್ಯಾಲ ಕಟ್ಟಿಗಿ ಕೊಡ್ಬೇಕು. ಕಟ್ಟಿಗಿ ಕೊಡೋತನಾ ಕೆಳಗ ಕೈ ಸುದ್ದಾ ಹಾಕ್ಬಾರ್ದು."

ಪ್ಯಾಸ್ಕಲನ ನಿಯಮವನ್ನು ಕಪ್ಪುಹಲಗೆಯ ಮೇಲೆ ಎಷ್ಟೋ ಸಲ ಬರೆದಿದ್ದೇನೆ: ಚಿಕ್ಕ ಕೊಳವೆಯಲ್ಲಿನ ಅಲ್ಪ ಬಲ ದೊಡ್ಡ ಕೊಳವೆಯಲ್ಲಿ ಬಹುಗುಣವಾಗುತ್ತದೆ ಎಂದು. ಆ ಎಣ್ಣೆಯನ್ನು ಒಳಗೆ ತಡೆದಿಡುವುದು ಒಂದು ರಬ್ಬರಿನ ಉಂಗುರ, ಅದು ಹಳತಾದರೆ ಎಣ್ಣೆ ಜಿನುಗಿ ಭಾರ ಕೆಳಗಿಳಿಯುತ್ತದೆ ಎಂದು ಒಂದು ಸಲವೂ ಬರೆದವನಲ್ಲ.

ಉಸ್ತಾದರ ಅಂಗಳದಲ್ಲಿ ನೋಡಿದೆ. ಒಂದರ ಮೇಲೊಂದು ಅಡ್ಡಡ್ಡವಾಗಿ ಪೇರಿಸಿದ ಮರದ ದಿಮ್ಮಿಗಳ ಮೇಲೆ ಬಂಡಿ ಕೂತಿತ್ತು. ಜಾಕು ಪಕ್ಕದಲ್ಲಿ ಬಿಡುವಾಗಿ ಬಿದ್ದಿತ್ತು. ಯಾವುದೇ ಭಾರವನ್ನು ಎತ್ತುವಾಗ ಅವರು ಮೊದಲು ಒಂದು ಬೆರಳಿನಷ್ಟು ಎತ್ತಿ ನಿಲ್ಲುತ್ತಾರೆ, ನೋಡುತ್ತಾರೆ. ಭಾರ ಯಾವ ಕಡೆಗೆ ವಾಲಿತೋ ಆ ಕಡೆಗೆ ಸರಪಳಿಯನ್ನು ಸರಿಸಿ ಮತ್ತೆ ಒಂದು ಬೆರಳು ಎತ್ತುತ್ತಾರೆ. ಗುರುತ್ವ ಕೇಂದ್ರವನ್ನು ಹುಡುಕುವುದೆಂದರೆ ಇದೇ. ನಮ್ಮ ಪುಸ್ತಕದಲ್ಲಿ ಅದು ರಟ್ಟಿನ ತುಂಡು, ಗುಂಡುಸೂಜಿ, ದಾರಗಳಿಂದ ಮಾಡುವ ಪ್ರಯೋಗ.

ಮೂರನೆಯ ದಿನದ ಕೆಲಸಕ್ಕೆ ಮೂರು ಕಾಲಿನ ಕಬ್ಬಿಣದ ತ್ರಿಪಾದಿಯನ್ನೂ ಚೈನ್ ಕಪ್ಪಿಯನ್ನೂ ಬಾಡಿಗೆಗೆ ತಂದೆವು. ಹಿತ್ತಿಲ ಬೇವಿನ ಕೊಂಬೆಗೇ ಕಪ್ಪಿಯನ್ನು ಕಟ್ಟೋಣವೆಂದು ಅಳಿಯನು ಹಟ ಹಿಡಿದಿದ್ದ. ನಾನು ಬಿಡಲಿಲ್ಲ. ಕೊಂಬೆ ನಿಂತ ಭಾರವನ್ನು ಹೊತ್ತೀತು; ಆದರೆ ಭಾರವು ತಟ್ಟನೆ ಬಿದ್ದರೆ, ಎತ್ತರದಿಂದಲ್ಲ, ಸುಮ್ಮನೆ ಒಮ್ಮೆಲೇ ಹೇರಿದರೂ, ಕ್ಷಣಕಾಲ ಅದರ ಒತ್ತು ಇಮ್ಮಡಿಯಾಗುತ್ತದೆ. ಸರಪಳಿಯ ಒಂದು ಕೊಂಡಿ ಜಾರಿ ಕೂತರೂ ಸಾಕು. ಹಳೆಯ ಮನೆಗಳ ತೊಲೆಗೆ ಕಪ್ಪಿ ಕಟ್ಟುವವರಿಗೂ ಇದೇ ಮಾತು. ಗೆದ್ದಲು ಒಳಗೆ ಎಷ್ಟು ತಿಂದಿದೆಯೆಂದು ಹೊರಗಿನ ಬಣ್ಣ ಹೇಳುವುದಿಲ್ಲ.

ತ್ರಿಪಾದಿಯೂ ತಾನಾಗಿಯೇ ನಿರಪಾಯವಲ್ಲ. ಎಂಜಿನನ್ನು ಇಳಿಸಿದ ಮೇಲೆ ಬಂಡಿಯ ಮುಂಭಾಗ ಸುಮಾರು ೩೫೦ ಕಿಲೋ ಎಂದಿಟ್ಟುಕೊಳ್ಳೋಣ. ತ್ರಿಪಾದಿಯ ಕಾಲುಗಳು ನೆಟ್ಟಗಿನ ರೇಖೆಗೆ ೩೦ ಡಿಗ್ರಿ ಓರೆಯಾಗಿದ್ದರೆ ಒಂದೊಂದು ಪಾದವೂ ಸುಮಾರು ೬೭ ಕಿಲೋ ಬಲದಿಂದ ಹೊರಕ್ಕೆ ಜಾರಲೆಳಸುತ್ತದೆ. ೪೫ ಡಿಗ್ರಿಯಾದರೆ ೧೧೭ ಕಿಲೋ. ಪಾದಗಳನ್ನು ಸುತ್ತಲೂ ಸರಪಳಿಯಿಂದ ಬಿಗಿಯುವುದು ಇದಕ್ಕಾಗಿ. ಇನ್ನು ಬಂಡಿಗೆ ಕಟ್ಟುವ ಸರಪಳಿ. ಅಳಿಯನು ಗಿಡ್ಡ ಸರಪಳಿಯೊಂದನ್ನು ಎಡಬಲದ ಎರಡು ಕೊಂಡಿಗಳಿಗೆ ಸಿಕ್ಕಿಸಿ ನಡುವೆ ಕೊಕ್ಕೆ ಹಾಕಿದ್ದ. ಅದು ಬಹುಮಟ್ಟಿಗೆ ಅಡ್ಡಗೆರೆಯಂತೆಯೇ ಇತ್ತು. ನೋಡಲು ಚೊಕ್ಕಟ. ಎರಡು ಎಳೆಗಳ ನಡುವಿನ ಕೋನ ೬೦ ಡಿಗ್ರಿ ಇದ್ದರೆ ಒಂದೊಂದು ಎಳೆಯೂ ಸುಮಾರು ೨೦೨ ಕಿಲೋ ಎಳೆತವನ್ನು ತಾಳಬೇಕು; ೧೨೦ ಡಿಗ್ರಿ ಆದರೆ ಪೂರ್ತಿ ೩೫೦; ೧೫೦ ಆದರೆ ೬೭೬! ಭಾರ ಬದಲಾಗಿಲ್ಲ, ಕೋನ ಬದಲಾಗಿದೆ. ಬಟ್ಟೆ ಒಣಹಾಕುವ ಹಗ್ಗವನ್ನು ಬಹಳ ಬಿಗಿದು ಕಟ್ಟಿದರೆ ಒಂದೇ ಒದ್ದೆ ಸೀರೆಗೆ ಗೂಟ ಕಿತ್ತುಬರುವುದು ಇದೇ ಕಾರಣದಿಂದ. ಅಳಿಯನಿಗೆ ಕೊಸೈನಿನ ಗೊಡವೆ ಹಿಡಿಸಲಿಲ್ಲ. ಹಗ್ಗದ ಉದಾಹರಣೆ ಹಿಡಿಸಿತು. ಉದ್ದನೆಯ ಸರಪಳಿಯನ್ನು ತಂದ.

ಉಳಿದ ಕೆಲಸ ಬೇಗ ಮುಗಿಯಿತು. ಕ್ಲಚ್ಚಿನ ಕೇಬಲು, ವೇಗವರ್ಧಕದ ಕೇಬಲು, ಪೆಟ್ರೋಲಿನ ಕೊಳವೆ, ಹತ್ತಾರು ತಂತಿಗಳು. ಎಲ್ಲಕ್ಕೂ ಅಂಗಡಿಯ ಬೆಲೆಚೀಟಿಗಳನ್ನು ಅಂಟಿಸಿ ನಂಬರು ಬರೆದೆವು. ತುಕ್ಕು ಹಿಡಿದ ಒಂದು ನಟ್ಟು ಮಾತ್ರ ಅರ್ಧ ದಿನ ತಿಂದಿತು. ಅದನ್ನು ಬೆಂಕಿಯಿಂದ ಕಾಯಿಸೋಣವೆಂಬ ಸಲಹೆ ಬಂತು. ಹನ್ನೆರಡು ಮಿಲಿಮೀಟರಿನ ನಟ್ಟನ್ನು ೨೦೦ ಡಿಗ್ರಿ ಕಾಯಿಸಿದರೆ ಅದರ ತೂತು ಸುಮಾರು ೦.೦೩ ಮಿಲಿಮೀಟರು ಹಿಗ್ಗುತ್ತದೆ. ತುಕ್ಕಿನ ಬಿಗಿತವನ್ನು ಸಡಿಲಿಸಲು ಅಷ್ಟೇ ಸಾಕಾಗುತ್ತದೆ. ಆದರೆ ಪೆಟ್ರೋಲಿನ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಅದು ಮೇಲಕ್ಕೆ ಹೋಗದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹಿತ್ತಿಲಿನ ಬಚ್ಚಲೊಲೆಯಲ್ಲಿ ಕೆಂಡವಿತ್ತು. ನಾವು ತುಕ್ಕು ಬಿಡಿಸುವ ಎಣ್ಣೆಯನ್ನು ಹಾಕಿ ರಾತ್ರಿಯಿಡೀ ಕಾದೆವು. ಬೆಳಗ್ಗೆ ನಟ್ಟು ತಾನೇ ಬಂತು.

ಎಂಜಿನ್ ಇಳಿದ ಮೇಲೆ ಕಾನೂನಿನ ಮಾತು. ಹಿಂದೂ ಕುಟುಂಬಗಳ ಆಸ್ತಿಪಾಲಿಗೆ ಶತಮಾನಗಳ ಕಾಲ ಆಧಾರವಾಗಿದ್ದ ಮಿತಾಕ್ಷರವನ್ನು ವಿಜ್ಞಾನೇಶ್ವರನು ಬರೆದದ್ದು ಆರನೆಯ ವಿಕ್ರಮಾದಿತ್ಯನ ಕಾಲದ ಕಲ್ಯಾಣದಲ್ಲಿ. ಆದರೂ ನಮ್ಮ ಸೀಮೆಯವರು ಕಾನೂನಿನ ಕಾಗದವನ್ನು ಕಂಡರೆ ದೂರ ಸರಿಯುತ್ತೇವೆ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದ ಪ್ರಕಾರ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ನಿರ್ದೇಶಿಸಿದ ವಿವರಗಳಿಗೆ ಭಿನ್ನವಾಗುವಂತೆ ಬಂಡಿಯನ್ನು ಮಾರ್ಪಡಿಸಕೂಡದು. ಅನುಮತಿ ಪಡೆದು ಮಾಡಿದ ಬದಲಾವಣೆಯನ್ನೂ ೧೪ ದಿನಗಳೊಳಗೆ ನೋಂದಣಿ ಅಧಿಕಾರಿಗೆ ತಿಳಿಸಿ ಪತ್ರದಲ್ಲಿ ದಾಖಲು ಮಾಡಿಸಬೇಕು. ಸುಪ್ರೀಂ ಕೋರ್ಟು ೨೦೧೯ರ ಜನವರಿಯಲ್ಲಿ ಈ ಪ್ರಕರಣವನ್ನು ಇನ್ನಷ್ಟು ಬಿಗಿಯಾಗಿಯೇ ಅರ್ಥೈಸಿತು. ಆದುದರಿಂದ ಹೆಚ್ಚು ಶಕ್ತಿಯ ಬೇರೆ ಜಾತಿಯ ಎಂಜಿನನ್ನು ತುರುಕುವ ಉತ್ಸಾಹವನ್ನು ಬಿಡುವುದು ಲೇಸು. ಕಾನೂನನ್ನು ಬದಿಗಿಟ್ಟರೂ ವಿಜ್ಞಾನವೇ ಅದನ್ನು ತಡೆಯುತ್ತದೆ. ಬಂಡಿಯ ಬ್ರೇಕು, ಗೇರು, ಶಾಫ್ಟು, ರೇಡಿಯೇಟರು ಎಲ್ಲವೂ ಹಳೆಯ ಎಂಜಿನಿನ ಅಳತೆಗೆ ಮಾಡಿದವು. ಕಾರ್ಬುರೇಟರಿನ ಬಂಡಿಗೆ ಇಂಧನವನ್ನು ಚಿಮ್ಮಿಸುವ ಹೊಸ ಬಗೆಯ ಎಂಜಿನನ್ನು ಹಾಕಿದರಂತೂ ಅದರ ಪಂಪು, ಅದರ ವಿದ್ಯುನ್ಮಾನ ಮಿದುಳು, ಅದರ ತಂತಿಜಾಲ ಎಲ್ಲವೂ ಜೊತೆಗೆ ಬರಬೇಕು. ಅದೇ ಜಾತಿಯ ಎಂಜಿನನ್ನು ರಸೀದಿಯೊಡನೆ, ಸಂಖ್ಯೆಯನ್ನು ಓದಿ ಸರಿನೋಡಿ ಕೊಂಡವನು ರಾತ್ರಿ ನಿದ್ದೆ ಮಾಡಬಲ್ಲ. ರಸೀದಿಯಿಲ್ಲದ ಎಂಜಿನು ಯಾವ ಕಳುವಾದ ಬಂಡಿಯದೋ ಬಲ್ಲವರಾರು?

ಇನ್ನು ನನ್ನ ಮುಖ್ಯ ಕೋರಿಕೆ. ಹುಮನಾಬಾದು, ಬಸವಕಲ್ಯಾಣಗಳಂಥ ಊರುಗಳಲ್ಲಿ ಜನರು ಮನೆಯಲ್ಲಿ ಬಂಡಿಯನ್ನು ಬಿಚ್ಚುವುದನ್ನು ಯಾರೂ ತಡೆಯಲಾರರು. ಬಡತನವೂ ಕುತೂಹಲವೂ ಅದನ್ನು ಮಾಡಿಸುತ್ತವೆ, ಎರಡೂ ಗೌರವಕ್ಕೆ ಅರ್ಹವಾದವು. ತಡೆಯುವ ಬದಲು ಸರಿಯಾದ ಸಲಕರಣೆಗಳನ್ನು ಕೈಗೆಟುಕಿಸಬೇಕು. ತಾಲ್ಲೂಕಿನ ಕೈಗಾರಿಕಾ ತರಬೇತಿ ಸಂಸ್ಥೆಗಳು ಭಾನುವಾರದಂದು ತಮ್ಮ ಅಂಗಳವನ್ನು ತೆರೆದು, ನಾಲ್ಕು ಕಬ್ಬಿಣದ ಆಸರೆಗಳು, ಒಂದು ಕಪ್ಪಿ, ಹತ್ತು ದಿಮ್ಮಿಗಳನ್ನು ಅಲ್ಪ ಬಾಡಿಗೆಗೆ ಕೊಟ್ಟರೆ ಎಷ್ಟೋ ಬೋಗುಣಿಗಳು ಉಳಿದಾವು. ಬೋಗುಣಿಯ ಜಾಗದಲ್ಲಿ ತಲೆಯಿಟ್ಟವರೂ ಉಳಿದಾರು. ತೆಗೆದ ಎಣ್ಣೆಯನ್ನು ಸಂಗ್ರಹಿಸುವ ಪೀಪಾಯಿಯೂ ಅಲ್ಲೇ ಇರಲಿ. ಈಗ ಅದನ್ನು ಗೆದ್ದಲಿಗೆಂದು ಬಾಗಿಲಿಗೆ ಬಳಿಯುತ್ತೇವೆ, ಇಲ್ಲವೆ ಚರಂಡಿಗೆ ಚೆಲ್ಲುತ್ತೇವೆ. ಅದರಲ್ಲಿ ಸುಟ್ಟ ಇಂಧನದ ವಿಷಗಳೂ ಲೋಹದ ಪುಡಿಯೂ ಇವೆ, ಚರಂಡಿಯ ನೀರು ನಮ್ಮ ಬಾವಿಗೇ ಬರುತ್ತದೆ.

ಶಾಲೆಗಳಿಗೊಂದು ಮಾತು. ಒಂಬತ್ತನೆಯ ತರಗತಿಯ ಮಕ್ಕಳನ್ನು ವರ್ಷಕ್ಕೊಮ್ಮೆ ಕೋಟೆಗೂ ಅನುಭವ ಮಂಟಪಕ್ಕೂ ಕರೆದೊಯ್ಯುವ ನಾವು ಅದೇ ದಾರಿಯಲ್ಲಿರುವ ಆಟೋನಗರದಲ್ಲಿ ಅರ್ಧ ಗಂಟೆ ಬಸ್ಸನ್ನು ನಿಲ್ಲಿಸಿದರೇನು? ನಮ್ಮ ಪುಸ್ತಕದ ರಾಟೆಯಲ್ಲಿ ತೂಗುವ ಭಾರವು ಒಂದು ಅಕ್ಷರ ಮಾತ್ರ. ಆ ಅಕ್ಷರ ಯಾರ ಕಾಲಿನ ಮೇಲೂ ಬೀಳುವುದಿಲ್ಲ. ಪರೀಕ್ಷೆಯಲ್ಲಿ ಪೂರ್ತಿ ಅಂಕ ಪಡೆದ ನನ್ನ ಅಳಿಯ, ಹೌದು, ಅವನು ನನ್ನದೇ ವಿದ್ಯಾರ್ಥಿ, ಕರಿಮಣ್ಣಿನ ಮೇಲೆ ಜಾಕನ್ನು ನಿಲ್ಲಿಸಿದ. ಒತ್ತಡವೆಂದರೇನೆಂದು ಆಗ ಕೇಳಿದ್ದರೆ ತಡವರಿಸದೆ ಹೇಳುತ್ತಿದ್ದ.

ಹೊಸದಾಗಿ ತಂದ ಎಂಜಿನು ಈಗ ವ್ಯಾನಿನಲ್ಲಿ ಕೂತಿದೆ, ಹೊಗೆ ಕಾಣುವುದಿಲ್ಲ. ಅನುಮತಿಯ ಅರ್ಜಿಯನ್ನು ಕೊಡಲು ಮಾತ್ರ ಅವನು ಎರಡು ವಾರ ತಡಮಾಡಿದ. ಕೈಬರಹದಲ್ಲಿ ನಾನೇ ಬರೆದುಕೊಟ್ಟೆ. ಅನುಮತಿ ಬರುವ ತನಕ ಬಂಡಿಯನ್ನು ರಸ್ತೆಗೆ ತೆಗೆಯಕೂಡದೆಂದು ಕೀಲಿಯನ್ನು ನನ್ನ ತಂಗಿ ಉಪ್ಪಿನ ಡಬ್ಬಿಯ ಹಿಂದೆ ಇಟ್ಟುಕೊಂಡಿದ್ದಾಳೆ. ಹಳೆಯ ಎಂಜಿನು ಬೇವಿನ ಮರದ ಕೆಳಗೆ ಒಂದು ಟೈರಿನ ಮೇಲಿದೆ. ಅದರ ಪಕ್ಕದಲ್ಲಿ ಚಪ್ಪಟೆಯಾದ ಬೋಗುಣಿಯನ್ನೂ ಇಟ್ಟಿದ್ದೇವೆ.